ಇರಾನಿನ ಸಾಲ, ಭದ್ರೆಯ ಹೂಳು

1973ರ ಅಕ್ಟೋಬರ್‌ನಲ್ಲಿ ಅರಬ್–ಇಸ್ರೇಲ್ ಯುದ್ಧ ಶುರುವಾಯಿತು. ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಮಂಜು ಮುಸುಕಿದ ಒಂದು ಬೆಟ್ಟಸಾಲಿಗೂ ಆ ಯುದ್ಧಕ್ಕೂ ನಂಟು ಬೆಸೆಯಲಿದೆ ಎಂದು ಆಗ ಯಾರೂ ಊಹಿಸಿರಲಿಕ್ಕಿಲ್ಲ. ಯುದ್ಧದ ಬೆನ್ನಿಗೇ ತೈಲ ರಾಷ್ಟ್ರಗಳು ಬೆಲೆ ಏರಿಸಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 1974ರ ಜನವರಿ ಹೊತ್ತಿಗೆ 12 ಡಾಲರ್ ಹತ್ತಿರಕ್ಕೆ ಬಂತು. ಭಾರತ ತೈಲದ ಬಿಲ್ಲು ಕಟ್ಟಲು ಡಾಲರ್ ಹೊಂದಿಸಲಾರದೆ ಒದ್ದಾಡಿತು. ಇರಾನಿನ ದೊರೆ ಶಾ ಮಹಮ್ಮದ್ ರೆಜಾ ಪಹ್ಲವಿಯ ಖಜಾನೆಗೆ ಮಾತ್ರ ಹಿಂದೆಂದೂ ಕಾಣದಷ್ಟು ಹಣ ಹರಿದುಬಂತು.

ಆ ಹಣದಿಂದ ಇರಾನನ್ನು ಕೈಗಾರಿಕಾ ದೇಶವಾಗಿಸಬೇಕೆಂಬುದು ಶಾನ ಹಂಬಲ. ತೈಲ ಬಾವಿಗಳಲ್ಲಿ ಸುಮ್ಮನೆ ಉರಿದುಹೋಗುತ್ತಿದ್ದ ನೈಸರ್ಗಿಕ ಅನಿಲ ಬಳಸಿ ಅಹ್ವಾಜ್‌ನಲ್ಲಿ ಉಕ್ಕು ತಯಾರಿಸುವ ಯೋಜನೆ ಸಿದ್ಧವಾಯಿತು. ಅದಕ್ಕೆ ಒಳ್ಳೆಯ ಗುಣಮಟ್ಟದ ಕಬ್ಬಿಣದ ಅದಿರು ಬೇಕಿತ್ತು. ಭಾರತದಲ್ಲಿ ಅದಿರು ಇತ್ತು, ಡಾಲರ್ ಇರಲಿಲ್ಲ. 1974ರಲ್ಲಿ ಇಂದಿರಾ ಗಾಂಧಿ ಟೆಹರಾನಿಗೆ ಹೋದರು. ಅದೇ ವರ್ಷ ಶಾ ದೆಹಲಿಗೆ ಬಂದ. 1975ರ ನವೆಂಬರ್‌ನಲ್ಲಿ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು. ಭಾರತ ಆ ಹಣದಲ್ಲಿ ಗಣಿ ತೆರೆದು, 1980ರಿಂದ ವರ್ಷಕ್ಕೆ 75 ಲಕ್ಷ ಟನ್‌ನಂತೆ ಶುದ್ಧೀಕರಿಸಿದ ಅದಿರನ್ನು ಇರಾನಿಗೆ ಕಳಿಸಬೇಕು. ಅದಕ್ಕೆ ಆರಿಸಿಕೊಂಡ ಜಾಗ ಕುದುರೆಮುಖ.

ಜಾಗತೀಕರಣ ಎಂದೊಡನೆ ನಮಗೆ 1991 ನೆನಪಾಗುತ್ತದೆ. ಮನಮೋಹನ ಸಿಂಗ್ ಅವರ ಬಜೆಟ್, ವಿದೇಶಿ ಕಂಪನಿಗಳು, ಬೆಂಗಳೂರಿನ ಸಾಫ್ಟ್‌ವೇರ್ ಕಣ್ಣ ಮುಂದೆ ಬರುತ್ತವೆ. ಮಲೆನಾಡಿಗೆ ಅದು 16 ವರ್ಷ ಮೊದಲೇ ಕಾಲಿಟ್ಟಿತ್ತು. ಯಾವುದೋ ಖಂಡದ ಬೇಡಿಕೆ, ಇನ್ಯಾರದೋ ಬಂಡವಾಳ, ಮತ್ಯಾವುದೋ ದೇಶದ ತಂತ್ರಜ್ಞಾನ ಸೇರಿ ಒಂದು ಬೆಟ್ಟದ ಹಣೆಬರಹ ಬರೆದವು. ಅದರಿಂದ ಬಂದ ಸಂಪತ್ತು ನಿಜ. ಆದ ನಷ್ಟವೂ ನಿಜ. ಇವೆರಡೂ ಒಂದೇ ಪುಟದಲ್ಲಿ ದಾಖಲಾಗಲಿಲ್ಲ ಎಂಬುದೇ ಕುದುರೆಮುಖದ ಇತಿಹಾಸದ ತಿರುಳು ಎಂದು ನನಗನ್ನಿಸುತ್ತದೆ.

ಸಿಕ್ಕಿದ್ದು 1913ರಲ್ಲಿ, ಬೇಕಾಗಿದ್ದು 60 ವರ್ಷದ ಮೇಲೆ

ಕುದುರೆಮುಖದಲ್ಲಿ ಕಬ್ಬಿಣವಿದೆ ಎಂಬುದು ಹೊಸ ಸಂಗತಿಯಾಗಿರಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಅದನ್ನು ಪತ್ತೆ ಹಚ್ಚಿದ್ದರು. ಆದರೆ ಮೈಸೂರಿಗೆ ಆ ಅದಿರು ಬೇಕಾಗಲಿಲ್ಲ. ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಅದು ಹತ್ತಿರವೂ ಇತ್ತು, ಗುಣದಲ್ಲೂ ಮೇಲಿತ್ತು.

ಕುದುರೆಮುಖದ್ದು ಮ್ಯಾಗ್ನೆಟೈಟ್. ಅದರಲ್ಲಿ ಕಬ್ಬಿಣದ ಅಂಶ ಶೇ 38ರಷ್ಟು ಮಾತ್ರ. ಸಂಡೂರು, ಬಾಬಾಬುಡನ್‌ಗಿರಿಗಳಲ್ಲಿ ಶೇ 60 ದಾಟುವ ಅದಿರು ಇರುವಾಗ ಈ ಬಡ ಅದಿರಿಗಾಗಿ ದಟ್ಟ ಕಾಡು ನುಗ್ಗುವವರು ಯಾರು? ರಸ್ತೆ ಇರಲಿಲ್ಲ. ಹತ್ತಿರದಲ್ಲಿ ದೊಡ್ಡ ಬಂದರು ಇರಲಿಲ್ಲ. ಮೇಲಾಗಿ ವರ್ಷಕ್ಕೆ 6,000 ಮಿಲಿಮೀಟರ್‌ಗೂ ಹೆಚ್ಚು ಸುರಿಯುವ ಮಳೆ.

ಆ ಮಳೆಯೇ ಅಲ್ಲಿನ ನಿಜವಾದ ಆಸ್ತಿ. ಬೆಟ್ಟದ ಬೋಳು ನೆತ್ತಿಯಲ್ಲಿ ಹುಲ್ಲು, ಮಡಿಕೆಗಳಲ್ಲಿ ಶೋಲಾ ಕಾಡು. ಬಿದ್ದ ನೀರನ್ನು ಹುಲ್ಲಿನ ಬೇರು ಹಿಡಿದು ನಿಲ್ಲಿಸುತ್ತದೆ, ಶೋಲಾದ ಕಪ್ಪು ಮಣ್ಣು ಹೀರಿಕೊಂಡು ಬೇಸಿಗೆಯವರೆಗೂ ಹನಿಹನಿಯಾಗಿ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲ ಇದೇ ಸಾಲಿನಲ್ಲಿದೆ. ಅಲ್ಲಿಂದ ಹೊರಟ ಭದ್ರೆ ಕುದುರೆಮುಖದ ಬುಡದಲ್ಲೇ ಹಾದು, ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಅಣೆಕಟ್ಟು ಸೇರುತ್ತದೆ. ಆ ಜಲಾಶಯ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರುಣಿಸುತ್ತದೆ. ದಾವಣಗೆರೆಯ ಭತ್ತದ ಗದ್ದೆಗೂ ಕುದುರೆಮುಖದ ಹುಲ್ಲಿಗೂ ಇರುವ ಈ ನಂಟಿಗೆ ಯಾವ ಮಾರುಕಟ್ಟೆಯಲ್ಲೂ ಬೆಲೆ ಕಟ್ಟಿರಲಿಲ್ಲ. ಹಾಗಾಗಿ ಲೆಕ್ಕ ಹಾಕುವಾಗ ಅದು ಸೊನ್ನೆಯಾಗಿಯೇ ಉಳಿಯಿತು.

ಎರಡನೇ ಮಹಾಯುದ್ಧದ ನಂತರ ಜಪಾನಿನ ಉಕ್ಕು ಉದ್ಯಮ ಎದ್ದು ನಿಂತಿತು. ದೊಡ್ಡ ದೊಡ್ಡ ಹಡಗುಗಳು ಬಂದವು. ದೂರದ ಅದಿರು ಅಗ್ಗವಾಯಿತು. ಬಡ ಅದಿರನ್ನು ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಕಣಗಳನ್ನು ಬೇರ್ಪಡಿಸುವ ತಂತ್ರ ಪಳಗಿತು. 1960ರ ದಶಕದಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ ಇಲ್ಲಿ ಅನ್ವೇಷಣೆ ನಡೆಸಿತು. 1969ರ ಜುಲೈ 25ರಿಂದ 30 ವರ್ಷದ ಗಣಿ ಗುತ್ತಿಗೆ ಜಾರಿಗೆ ಬಂತು. ಗುತ್ತಿಗೆಯ ವಿಸ್ತೀರ್ಣ 4,600 ಹೆಕ್ಟೇರಿಗೂ ಸ್ವಲ್ಪ ಹೆಚ್ಚು. ಆದರೂ ಇಷ್ಟು ದೊಡ್ಡ ಯೋಜನೆಗೆ ಹಣ ಹಾಕುವವರು ಸಿಗದೆ ಕಾಗದಪತ್ರ ಮುಂದೆ ಸಾಗಲಿಲ್ಲ. ತೈಲದ ಬೆಲೆ ಏರಿದ ಮೇಲೆ ಆ ಹಣವೂ ಸಿಕ್ಕಿತು.

ಕೊಳ್ಳುವ ದೊರೆಯೇ ಇಲ್ಲವಾದ

1976ರ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಅದು ಪೂರ್ತಿ ರಫ್ತಿಗೆಂದೇ ಕಟ್ಟಿದ ಸರ್ಕಾರಿ ಉದ್ದಿಮೆ. ಕೆನಡಾದ ಮೆಟ್–ಕೆಮ್ ಸಂಸ್ಥೆ ತಾಂತ್ರಿಕ ಸಲಹೆ ಕೊಟ್ಟಿತು. 1975ರಲ್ಲಷ್ಟೇ ಉದ್ಘಾಟನೆಯಾಗಿದ್ದ ನವಮಂಗಳೂರು ಬಂದರು ಕೆಳಗೆ ಕಾದಿತ್ತು. ಅದು ತುರ್ತು ಪರಿಸ್ಥಿತಿಯ ಕಾಲ. ಪರಿಸರಕ್ಕೆ ಏನಾಗುತ್ತದೆ ಎಂದು ಮೊದಲೇ ಅಧ್ಯಯನ ಮಾಡಬೇಕೆಂಬ ಕಾನೂನು ದೇಶದಲ್ಲಿ ಇರಲಿಲ್ಲ. ಅರಣ್ಯ ಸಂರಕ್ಷಣಾ ಕಾಯ್ದೆ ಬಂದದ್ದು 1980ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ 1986ರಲ್ಲಿ, ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಂದಾಜು ಕಡ್ಡಾಯವಾದದ್ದು 1994ರಲ್ಲಿ. ಗಡುವಿನೊಳಗೆ ಕೆಲಸ ಮುಗಿಸುವುದೊಂದೇ ಆಗ ದೇಶಸೇವೆ ಎನಿಸಿತ್ತು. ಕಾಮಗಾರಿ ನಿಜಕ್ಕೂ ಹೇಳಿದ ಸಮಯಕ್ಕೆ ಮುಗಿಯಿತು. ಕಡಿದಾದ ಬೆಟ್ಟ, ಮುಗಿಯದ ಮಳೆ, ಹೊರಜಗತ್ತಿನ ಸಂಪರ್ಕವೇ ಕಡಿಮೆಯಿದ್ದ ಆ ಜಾಗದಲ್ಲಿ ಎಂಜಿನಿಯರುಗಳೂ ಕಾರ್ಮಿಕರೂ ಐದು ವರ್ಷದೊಳಗೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಅದಕ್ಕೆ ಮನಸಾರೆ ಗೌರವ ಸಲ್ಲಬೇಕು.

ಅಷ್ಟರಲ್ಲಿ ಇರಾನ್ ಹೊತ್ತಿ ಉರಿಯತೊಡಗಿತು. 1979ರ ಜನವರಿ 16ರಂದು ಶಾ ದೇಶ ಬಿಟ್ಟ. ಫೆಬ್ರುವರಿ 1ರಂದು ಅಯಾತೊಲ್ಲಾ ಖೊಮೇನಿ ಟೆಹರಾನಿನಲ್ಲಿ ಇಳಿದರು. ಶಾನ ಉಕ್ಕಿನ ಕನಸು ಅವನೊಂದಿಗೇ ಹೊರಟಿತು. 63 ಕೋಟಿ ಡಾಲರ್‌ನಲ್ಲಿ ಅದುವರೆಗೆ ಬಂದಿದ್ದು 25.5 ಕೋಟಿ ಡಾಲರ್. ಉಳಿದ ಹಣ ಬರಲಿಲ್ಲ. ಅದಿರು ಕೊಳ್ಳುವ ಮಾತೂ ನಿಂತಿತು. ಉಳಿದ ಖರ್ಚನ್ನು ಭಾರತ ಸರ್ಕಾರವೇ ಹೊತ್ತುಕೊಂಡಿತು. 1980ರ ಆಗಸ್ಟ್‌ನಲ್ಲಿ ಕಾರ್ಖಾನೆ ಸಿದ್ಧವಾದಾಗ ಅದರ ಬಾಗಿಲಲ್ಲಿ ಗಿರಾಕಿಯೇ ಇರಲಿಲ್ಲ.

ಒಬ್ಬನೇ ಗಿರಾಕಿಯನ್ನು ನಂಬಿ, ಒಂದೇ ಸರಕಿಗಾಗಿ ಕಟ್ಟಿದ ಸಮೃದ್ಧಿಯ ದುರ್ಬಲ ಬುಡ ಇಲ್ಲಿ ಕಾಣುತ್ತದೆ. ಟೆಹರಾನಿನ ಬೀದಿಯಲ್ಲಿ ನಡೆದ ಕ್ರಾಂತಿಗೆ ಮಲೆನಾಡಿನವರು ಏನೂ ಕಾರಣರಲ್ಲ, ಅದನ್ನು ತಡೆಯುವ ಶಕ್ತಿಯೂ ಅವರಿಗಿರಲಿಲ್ಲ. ಆದರೆ ಅದರ ಹೊಡೆತ ಇಲ್ಲಿ ತಟ್ಟಿತು. ಆ ಹೊತ್ತಿಗೆ ಬೆಟ್ಟದ ಮೈ ಸೀಳಿಯಾಗಿತ್ತು. ಹಾಕಿದ ಹಣ ಹಿಂದಿರುಗಬೇಕಾದರೆ ಅಗೆಯಲೇಬೇಕು, ಯಾರಿಗಾದರೂ ಮಾರಲೇಬೇಕು ಎಂಬಲ್ಲಿಗೆ ಬಂದು ನಿಂತಿತ್ತು. ಸಾಲ ಕೊಟ್ಟವನು ಎದ್ದು ಹೋಗಿದ್ದರೂ ಸಾಲದ ತರ್ಕ ಮಾತ್ರ ಇಲ್ಲೇ ಉಳಿಯಿತು.

ಕೊಳವೆಯಲ್ಲಿ ಹರಿದ ಬೆಟ್ಟ

ಆ ಗಣಿಯ ಕೆಲಸದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಸಿಡಿಸಿ ಒಡೆಯುತ್ತಿದ್ದರು. ದೈತ್ಯ ಡಂಪರ್‌ಗಳು ಕಲ್ಲು ಹೊತ್ತು ಕ್ರಷರ್‌ಗೆ ಸುರಿಯುತ್ತಿದ್ದವು. ಅಲ್ಲಿಂದ ಗಿರಣಿಗೆ ಹೋಗಿ, ನೀರಿನೊಂದಿಗೆ ಅರೆದು ಕೆಸರಿನಂತಾದ ಅದಿರಿನಿಂದ ಅಯಸ್ಕಾಂತಗಳು ಕಬ್ಬಿಣದ ಕಣಗಳನ್ನು ಸೆಳೆಯುತ್ತಿದ್ದವು. ಶೇ 38ರಷ್ಟಿದ್ದ ಕಬ್ಬಿಣ ಹೀಗೆ ಶೇ 66–67ಕ್ಕೆ ಏರುತ್ತಿತ್ತು. ಆ ಸಾರವನ್ನು ನೀರಿನಲ್ಲಿ ಕಲಸಿದ ಸ್ಲರಿಯನ್ನು 67 ಕಿಲೋಮೀಟರ್ ಉದ್ದದ ಕೊಳವೆಗೆ ಬಿಡುತ್ತಿದ್ದರು. ಅದು ಘಟ್ಟ ಇಳಿದು, ಕರಾವಳಿಯ ತೋಟ, ಗದ್ದೆಗಳನ್ನು ಹಾದು ಪಣಂಬೂರು ಸೇರುತ್ತಿತ್ತು. ಅಲ್ಲಿ ನೀರು ಸೋಸಿ, ಕಪ್ಪು ಪುಡಿಯನ್ನು ಹಡಗಿಗೆ ತುಂಬುತ್ತಿದ್ದರು. 1987ರಲ್ಲಿ ಮಂಗಳೂರಿನಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ ಪೆಲೆಟ್ ಘಟಕ ಶುರುವಾಯಿತು. ಪುಡಿಯನ್ನು ಗೋಲಿಗಾತ್ರದ ಉಂಡೆಗಳಾಗಿ ಸುಟ್ಟು ಗಟ್ಟಿ ಮಾಡಿ ಮಾರುವುದು ಅಲ್ಲಿಂದ ಸಾಧ್ಯವಾಯಿತು. ಜಪಾನ್, ಚೀನಾ ಮೊದಲಾದ ದೇಶಗಳು ಗಿರಾಕಿಗಳಾದವು.

ಒಂದು ಟನ್ ಸಾರ ಸಿಗಬೇಕಾದರೆ ಸುಮಾರು ಮೂರು ಟನ್ ಅದಿರು ಅಗೆಯಬೇಕಿತ್ತು. ಉಳಿದ ಎರಡು ಟನ್ ನುಣುಪು ಕೆಸರು ಎಲ್ಲಿಗೆ ಹೋಗಬೇಕು? ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಮಣ್ಣಿನ ಅಣೆಕಟ್ಟು ಕಟ್ಟಿದರು. ಮುಂದೆ ಅದನ್ನು ಸುಮಾರು 100 ಮೀಟರ್ ಎತ್ತರಕ್ಕೆ ಏರಿಸಲಾಯಿತು. ಆ ಕಣಿವೆಯ ಕಾಡು, ಹುಲ್ಲುಗಾವಲು ಕೋಟಿಗಟ್ಟಲೆ ಟನ್ ಕೆಸರಿನಡಿ ಹೂತುಹೋಯಿತು. ಹಡಗು ಏರಿದ ಒಂದು ಪಾಲು ಮಾತ್ರ ರಫ್ತಿನ ಅಂಕಿಅಂಶದಲ್ಲಿ ಕಾಣಿಸಿತು. ಮಲೆನಾಡಿನಲ್ಲೇ ಉಳಿದ ಎರಡು ಪಾಲು ಯಾವ ಅಂಕಿಅಂಶಕ್ಕೂ ಬರಲಿಲ್ಲ.

ಸಮೃದ್ಧಿ ಬಂದಿದ್ದು ಸುಳ್ಳಲ್ಲ. ಮಲ್ಲೇಶ್ವರ ಎಂಬ ಜಾಗದಲ್ಲಿ ಹೊಸ ಪಟ್ಟಣ ಎದ್ದಿತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಬ್ಯಾಂಕು, ಕ್ಲಬ್ಬು ಬಂದವು. ಎಸ್.ಕೆ. (ಸೌತ್ ಕೆನರಾ) ಬಾರ್ಡರ್ ಮೂಲಕ ಕಾರ್ಕಳಕ್ಕೆ ಇಳಿಯುವ ರಸ್ತೆಯಿಂದ ಕಳಸದ ಕಡೆಯವರಿಗೆ ಕರಾವಳಿ ಹತ್ತಿರವಾಯಿತು. ಹಾಲು, ತರಕಾರಿ, ದಿನಸಿ ಮಾರುವವರಿಗೆ ತಿಂಗಳ ಸಂಬಳದ ಗಿರಾಕಿಗಳು ಸಿಕ್ಕರು. ಮಂಗಳೂರು ಬಂದರಿಗೆ ದೊಡ್ಡ ಸರಕು ಸಿಕ್ಕಿತು. 1991ರಲ್ಲಿ ವಿದೇಶಿ ವಿನಿಮಯ ಬತ್ತಿ, ದೇಶ ತನ್ನ ಚಿನ್ನವನ್ನೇ ಅಡವಿಡಬೇಕಾಗಿ ಬಂದಾಗ ಡಾಲರ್ ಗಳಿಸುವ ಇಂಥ ಉದ್ದಿಮೆಗಳ ಮೇಲಿನ ಅಭಿಮಾನ ಇನ್ನಷ್ಟು ಗಟ್ಟಿಯಾಯಿತು. ಹೀಗೆ ಬದುಕು ಕಟ್ಟಿಕೊಂಡ ಕುಟುಂಬಗಳ ಸಂತೋಷವನ್ನು ಅಲ್ಲಗಳೆದು ಇತಿಹಾಸ ಬರೆದರೆ ಅದು ಅರೆ ಸತ್ಯವಾಗುತ್ತದೆ.

ಮಳೆಗಾಲದ ಲೆಕ್ಕ

ಪೆಲೆಟ್ ಘಟಕ ಶುರುವಾದ 1987ರಲ್ಲೇ, ಸೆಪ್ಟೆಂಬರ್ 2ರಂದು, ಕರ್ನಾಟಕ ಸರ್ಕಾರ ಕುದುರೆಮುಖದ 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಮೊದಲ ಅಧಿಸೂಚನೆ ಹೊರಡಿಸಿತು. ಅದಕ್ಕೆ ಹಿನ್ನೆಲೆಯಾಗಿ 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಸಿಂಗಳೀಕಗಳ ಸಮೀಕ್ಷೆಯಿತ್ತು. ಮರದ ಮೇಲೆಯೇ ಬಾಳುವ ಈ ಕೋತಿಗೆ ಕಡಿಯದ ಮಳೆಕಾಡು ಬೇಕೇಬೇಕು. ಅಂಥ ಕಾಡು ಇಲ್ಲಿ ಇನ್ನೂ ದೊಡ್ಡದಾಗಿ ಉಳಿದಿದೆ ಎಂದು ಆ ಸಮೀಕ್ಷೆ ತೋರಿಸಿತು. ಹೀಗೆ ಒಂದೇ ಬೆಟ್ಟಸಾಲಿನಲ್ಲಿ ಒಂದು ಸರ್ಕಾರ ಕಾಡು ಕಾಯುವ ಮಾತು ಕೊಟ್ಟಿತು, ಇನ್ನೊಂದು ಸರ್ಕಾರದ ಕಂಪನಿ ಅದರ ನಡುವೆ ಬೆಟ್ಟ ಅಗೆಯುತ್ತಿತ್ತು.

ಜಗಳ ಕೊನೆಗೆ ಬಂದು ನಿಂತದ್ದು ಹೂಳಿನ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಬೆತ್ತಲೆ ಗಣಿಯ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನದಿಯ ಬಣ್ಣವೇ ಹೇಳುತ್ತಿತ್ತು. ಗಣಿಯ ಮೇಲ್ಭಾಗದಲ್ಲಿ ತಿಳಿಯಾಗಿ ಬರುವ ಭದ್ರೆ ಗಣಿ ದಾಟುವಷ್ಟರಲ್ಲಿ ಕೆಂಪಾಗುತ್ತಿದ್ದಳು. ನದಿದಂಡೆಯ ತೋಟ, ಗದ್ದೆಗಳಲ್ಲಿ ಕೆಸರು ಕೂರುತ್ತದೆ ಎಂದು ಕೆಳಗಿನ ರೈತರು ದೂರುತ್ತಿದ್ದರು. ಕಂಪನಿ ತಾನು ಕೈಗೊಂಡ ತಡೆಕ್ರಮಗಳನ್ನು ಮುಂದಿಟ್ಟಿತು. ಮಲೆನಾಡಿನ ನದಿ ಮಳೆಗಾಲದಲ್ಲಿ ಕೆಂಪಾಗುವುದು ಸಹಜ ಎಂಬ ಮಾತೂ ಬಂತು.

ಈ ವಾದವನ್ನು ಅಳತೆಯಿಂದಲೇ ಬಗೆಹರಿಸಬೇಕಿತ್ತು. 2002ರ ಮಳೆಗಾಲದಲ್ಲಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರೆಯ ನೀರಿನಲ್ಲಿ ತೇಲಿಬರುವ ಮಣ್ಣನ್ನು ಅಳೆದರು. ಜಲಾನಯನದಲ್ಲಿ ಶೇ 1ಕ್ಕಿಂತ ಕಡಿಮೆ ಇದ್ದ ಗಣಿ ಪ್ರದೇಶದಿಂದಲೇ ಅರ್ಧಕ್ಕಿಂತ ಹೆಚ್ಚು ಹೂಳು ಬರುತ್ತಿದೆ ಎಂಬ ಫಲಿತಾಂಶ ಸಿಕ್ಕಿತು. ಅದರ ಅರ್ಥವನ್ನು ನದಿಯ ಜೊತೆ ಕೆಳಗೆ ಸಾಗಿ ನೋಡಬೇಕು. ಆ ಮಣ್ಣು ಲಕ್ಕವಳ್ಳಿಯ ಜಲಾಶಯದ ಕಡೆಗೇ ಸಾಗುತ್ತದೆ. ಜಲಾಶಯದಲ್ಲಿ ಕುಳಿತ ಒಂದೊಂದು ಟನ್ ಹೂಳೂ ನೀರಿನ ಜಾಗ ಕಸಿಯುತ್ತದೆ. ಕುದುರೆಮುಖದ ರಫ್ತಿನಿಂದ ಬಂದ ಲಾಭ ಆಯಾ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಸೇರಿತು. ಅದರ ನಷ್ಟವನ್ನು ಮುಂದಿನ ತಲೆಮಾರಿನ ಭತ್ತ, ಅಡಿಕೆ, ಕಬ್ಬಿನ ಬೆಳೆಗಾರರ ಹೆಸರಿಗೆ ಬರೆಯಲಾಯಿತು. ಅವರನ್ನು ಯಾರೂ ಕೇಳಿರಲಿಲ್ಲ.

ಗುತ್ತಿಗೆ ಮುಗಿದ ಮೇಲೆ

1999ರ ಜುಲೈ 24ಕ್ಕೆ 30 ವರ್ಷದ ಗುತ್ತಿಗೆ ಮುಗಿಯಿತು. ಕಂಪನಿ ಇನ್ನೂ 20 ವರ್ಷ ಕೇಳಿತು. ಗಂಗಡಿಕಲ್ಲು, ನೆಲ್ಲಿಬೀಡು ಕಡೆಯ ಅದಿರಿನ ಮೇಲೂ ಕಣ್ಣಿತ್ತು. ಕೇಂದ್ರ ಸರ್ಕಾರ ತಾತ್ಕಾಲಿಕ ಅನುಮತಿಗಳಲ್ಲಿ ದಿನ ದೂಡಿತು. ಈ ಹೊತ್ತಿಗೆ ಮಲೆನಾಡು ಎಚ್ಚೆತ್ತಿತ್ತು. ತುಂಗಾ ಮೂಲ ಉಳಿಸಿ ಹೋರಾಟ ಒಕ್ಕೂಟ ಊರೂರಿನಲ್ಲಿ ಸಭೆ, ಜಾಥಾ ನಡೆಸಿತು. ಶೇಖರ್ ದತ್ತಾತ್ರಿ 2001ರಲ್ಲಿ ತೆಗೆದ ‘ಮೈಂಡ್‌ಲೆಸ್ ಮೈನಿಂಗ್’ ಸಾಕ್ಷ್ಯಚಿತ್ರ ಕೆಂಪು ಭದ್ರೆಯನ್ನು ದೂರದ ನಗರಗಳಿಗೂ ತೋರಿಸಿತು. ನಾಗರಹೊಳೆಯಲ್ಲಿ ರೇಂಜರ್ ಆಗಿ ದುಡಿದು ನಿವೃತ್ತರಾಗಿದ್ದ ಕೆ.ಎಂ. ಚಿಣ್ಣಪ್ಪ, ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು.

ಕೊಡಗಿನ ಈ ಹಿರಿಯರ ಅರ್ಜಿಯ ಎದುರು ನಿಂತದ್ದು ಕೇಂದ್ರ ಸರ್ಕಾರದ ಲಾಭದಾಯಕ ಕಂಪನಿ. ಅದರ ಬಳಿ ಉದ್ಯೋಗದ ವಾದವಿತ್ತು, ಡಾಲರ್‌ನ ವಾದವಿತ್ತು, ಹೂಡಿದ ಬಂಡವಾಳದ ವಾದವಿತ್ತು. ಚಿಣ್ಣಪ್ಪನವರ ಕೈಯಲ್ಲಿ ಇದ್ದದ್ದು ಕಾನೂನು: ಗುತ್ತಿಗೆ ಮುಗಿದಿದೆ, ಜಾಗ ಕಾಡು, ಕಾಡು ರಾಷ್ಟ್ರೀಯ ಉದ್ಯಾನ. ಅಷ್ಟರಲ್ಲಿ ಕೇಂದ್ರದ ಅರಣ್ಯ ಸಲಹಾ ಸಮಿತಿ ಆಗಲೇ ಅಗೆದಿರುವ ಜಾಗದಲ್ಲಿ ಮಾತ್ರ 2005ರ ಕೊನೆಯವರೆಗೆ ಕೆಲಸ ಮಾಡಿ, ಆಮೇಲೆ ಗಣಿ ಮುಚ್ಚಬೇಕು ಎಂದು ಶಿಫಾರಸು ಮಾಡಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನ್ಯಾಯಮೂರ್ತಿ ಅರಿಜಿತ್ ಪಸಾಯತ್ ಬರೆದ ಆ ತೀರ್ಪು 2005ರ ಡಿಸೆಂಬರ್ 31ನ್ನು ಗಣಿಗಾರಿಕೆಯ ಕೊನೆಯ ದಿನವಾಗಿಸಿತು.

ಬೆಲೆ ಏರಿದ ಹೊತ್ತಿಗೆ ಬಾಗಿಲು ಹಾಕಿದ್ದು

ತೀರ್ಪು ಬಂದ ಮೇಲಿನ ಮೂರು ವರ್ಷದಲ್ಲಿ ಪ್ರಪಂಚವೇ ಬದಲಾಯಿತು. 2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಘಟನೆ ಸೇರಿತ್ತು. 2000ದಲ್ಲಿ 13 ಕೋಟಿ ಟನ್‌ಗಿಂತ ಕಡಿಮೆ ಇದ್ದ ಅದರ ಉಕ್ಕಿನ ಉತ್ಪಾದನೆ 2005ಕ್ಕೆ ಸುಮಾರು 35 ಕೋಟಿ ಟನ್ ಆಯಿತು. 2003ರಲ್ಲಿ ಜಪಾನನ್ನು ಹಿಂದೆ ಹಾಕಿ ಚೀನಾ ಅತಿ ಹೆಚ್ಚು ಕಬ್ಬಿಣದ ಅದಿರು ಆಮದು ಮಾಡುವ ದೇಶವಾಯಿತು. 2005ರ ಫೆಬ್ರುವರಿಯಲ್ಲಿ ಜಪಾನಿನ ಉಕ್ಕು ಕಂಪನಿ ಮತ್ತು ಬ್ರೆಜಿಲ್‌ನ ಗಣಿ ಕಂಪನಿ ನಡುವೆ ಕುದುರಿದ ವಾರ್ಷಿಕ ದರ ಒಂದೇ ಏಟಿಗೆ ಶೇ 71.5ರಷ್ಟು ಏರಿತು. ಜಗತ್ತಿನ ಅದಿರು ಮಾರುಕಟ್ಟೆಯೆಲ್ಲ ಅದನ್ನೇ ಅನುಸರಿಸಿತು.

1980ರಲ್ಲಿ ಗಿರಾಕಿಯಿಲ್ಲದೆ ನಿಂತಿದ್ದ ಗಣಿಗೆ ಈಗ ಕೊಳ್ಳುವವರ ಸಾಲು. ಸಹಜವಾಗಿಯೇ ಕಂಪನಿ ಮತ್ತೆ ಕಾಲಾವಕಾಶ ಕೇಳಿತು. 2005ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವರ್ಷದ ಕೊನೆಯ ದಿನ ಗಣಿ ನಿಂತಿತು. ಬೆಲೆ ಬಿದ್ದಾಗ ಗಣಿ ಮುಚ್ಚುವುದು ಲೋಕರೂಢಿ. ಬೆಲೆ ಏರುತ್ತಿರುವಾಗ, ನೆಲದಲ್ಲಿ ಇನ್ನೂ ಅದಿರು ಇರುವಾಗ, ಲಾಭದಲ್ಲಿದ್ದ ತನ್ನದೇ ಕಂಪನಿಯ ಗಣಿಯನ್ನು ಒಂದು ದೇಶ ಕಾಡು ಮತ್ತು ನದಿಗಾಗಿ ಮುಚ್ಚಿದ್ದು ಅಪರೂಪದ ಘಟನೆ. ಅದರ ಬಗ್ಗೆ ನಾವು ಹೆಮ್ಮೆ ಪಡಬೇಕು. ಪಶ್ಚಿಮಘಟ್ಟವನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅದರಲ್ಲಿತ್ತು. ಗಣಿ 20 ವರ್ಷ ಮುಂದುವರಿದಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ಆದರೆ ಹೆಮ್ಮೆಯ ಪಕ್ಕದಲ್ಲೇ ಎರಡು ಸಂಗತಿಗಳನ್ನು ಇಡಬೇಕು.

ಮೊದಲನೆಯದು ಅಲ್ಲಿಯ ಜನರದ್ದು. ಕಂಪನಿಯ ಪಟ್ಟಣ ಖಾಲಿಯಾಗತೊಡಗಿತು. ನೌಕರರು ಮಂಗಳೂರಿಗೋ ಬೇರೆಡೆಗೋ ಹೋದರು. ಸಂಬಳದ ಗಿರಾಕಿಗಳನ್ನು ನಂಬಿದ್ದ ಅಂಗಡಿಗಳ ವ್ಯಾಪಾರ ಕುಸಿಯಿತು. ಇನ್ನೊಂದು ಕಡೆ, ಉದ್ಯಾನದೊಳಗೆ ತಲೆಮಾರುಗಳಿಂದ ಬಾಳುತ್ತಿದ್ದ ಮಲೆಕುಡಿಯರಿಗೂ ಸಣ್ಣ ರೈತರಿಗೂ ಒಕ್ಕಲೆಬ್ಬಿಸುವ ಭಯ ಕಾಡಿತು. ಗಣಿಗೆ 4,600 ಹೆಕ್ಟೇರ್ ಕೊಟ್ಟ ವ್ಯವಸ್ಥೆ ತಮ್ಮ ಎರಡು ಎಕರೆ ಗದ್ದೆಯನ್ನು ಕಾಡಿಗೆ ಅಪಾಯ ಎನ್ನುತ್ತಿದೆ ಎಂಬ ನೋವು ಅವರದು. ಆ ಅಸಮಾಧಾನದ ನಡುವೆ ನಕ್ಸಲ್ ಚಟುವಟಿಕೆ ಬೇರೂರಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ನಡೆದ ಎನ್‌ಕೌಂಟರ್‌ನಲ್ಲಿ ಇಬ್ಬರು ಯುವತಿಯರು ಸತ್ತರು. ಗಣಿಯ ಸಮೃದ್ಧಿಯಲ್ಲಿ ಪಾಲು ಸಿಗದವರೇ ಸಂರಕ್ಷಣೆಯ ಭಾರವನ್ನು ಹೊರಬೇಕಾಗಿ ಬಂದದ್ದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ.

ಎರಡನೆಯದು ಬೇಡಿಕೆಯದ್ದು. ಕುದುರೆಮುಖ ಮುಚ್ಚಿತೆಂದು ಚೀನಾದ ಹಸಿವು ಇಂಗಲಿಲ್ಲ. ಅದು ಬಳ್ಳಾರಿ, ಹೊಸಪೇಟೆ, ಸಂಡೂರಿನ ಕಡೆ ತಿರುಗಿತು. ಅಲ್ಲಿ ಏನಾಯಿತೆಂಬುದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಲಾರಿಗಳ ಸಾಲು, ಕೆಂಪು ಧೂಳು ಮೆತ್ತಿದ ಮೆಣಸಿನಕಾಯಿ, ಜೋಳದ ಹೊಲಗಳು, ಬೇಲೇಕೇರಿ ಬಂದರಿನಲ್ಲಿ ಜಪ್ತಿಯಾದ ಅದಿರೇ ಮಾಯವಾದದ್ದು ಎಲ್ಲ ನಡೆಯಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಬಂತು. ಅದು ಅಕ್ರಮವಾಗಿ ರಫ್ತಾದ ಅದಿರನ್ನು 2.98 ಕೋಟಿ ಟನ್ ಎಂದು ಲೆಕ್ಕ ಹಾಕಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಅದು ಮಾಡಿದ ಕೆಲಸ ಕುದುರೆಮುಖಕ್ಕಿಂತ ಒಂದು ಹೆಜ್ಜೆ ಮುಂದಿನದು. ಗಣಿಗಳನ್ನು ಪೂರ್ತಿ ಮುಚ್ಚುವ ಬದಲು, ವರ್ಷಕ್ಕೆ ಬಳ್ಳಾರಿಯಿಂದ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿನಿಂದ 50 ಲಕ್ಷ ಟನ್ ಮೀರಬಾರದು ಎಂದು ಮಿತಿ ಹಾಕಿತು. ಮಾರುಕಟ್ಟೆ ಎಷ್ಟು ಕೇಳುತ್ತದೆ ಎಂಬುದರ ಜಾಗದಲ್ಲಿ ನೆಲ ಎಷ್ಟು ತಾಳುತ್ತದೆ ಎಂಬ ಪ್ರಶ್ನೆ ನಮ್ಮ ಗಣಿಗಾರಿಕೆಗೆ ಮೊದಲ ಬಾರಿ ಅಳತೆಗೋಲಾಯಿತು. ಮುಂದೆ ಈ ಮಿತಿಯನ್ನು ಹಂತಹಂತವಾಗಿ ಏರಿಸಿ, 2022ರಲ್ಲಿ ಒಟ್ಟು 5 ಕೋಟಿ ಟನ್‌ಗೆ ತರಲಾಗಿದೆ.

ತೀರದ ಬಾಕಿ

ಸ್ವಂತ ಗಣಿ ಕಳೆದುಕೊಂಡ ಕಂಪನಿ ಛತ್ತೀಸ್‌ಗಢದ ಬೈಲಾಡಿಲದಂಥ ಕಡೆಗಳಿಂದ ಅದಿರು ತರಿಸಿ ಮಂಗಳೂರಿನ ಪೆಲೆಟ್ ಘಟಕ ನಡೆಸಿತು. ಅದಿರಿನ ಖರ್ಚು, ಸಾಗಣೆಯ ಖರ್ಚು ಎರಡೂ ಅದರ ಬೆನ್ನೇರಿದವು. ಮುಂದೆ ಅದು ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ತೆರೆಯಲು ಹೊರಟಿತು. ಸುಮಾರು 400 ಹೆಕ್ಟೇರ್ ಅರಣ್ಯ, 99 ಸಾವಿರದಷ್ಟು ಮರಗಳ ಪ್ರಶ್ನೆ ಅದು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ರಾಜ್ಯದ ಅರಣ್ಯ ಇಲಾಖೆ ಜಮೀನು ಕೊಡಲು ತಡೆಯೊಡ್ಡಿತು. ಅದು ಮುಂದಿಟ್ಟ ಕಾರಣ ಕುದುರೆಮುಖದ್ದೇ: ಅಲ್ಲಿ ಆದ ಹಾನಿಗೆ ಸಂಬಂಧಿಸಿ ಕಂಪನಿ 1,300 ಕೋಟಿ ರೂಪಾಯಿಗೂ ಹೆಚ್ಚು ಬಾಕಿ ಉಳಿಸಿಕೊಂಡಿದೆ ಎಂಬುದು ಇಲಾಖೆಯ ವಾದ.

ಆ ಮೊತ್ತ ಸರಿಯೋ ತಪ್ಪೋ ಎಂಬುದನ್ನು ಕಚೇರಿಗಳೂ ನ್ಯಾಯಾಲಯಗಳೂ ತೀರ್ಮಾನಿಸಲಿ. ನನ್ನನ್ನು ಕಾಡುವುದು ಅದರ ಕಾಲ. ಗಣಿ ಶುರುವಾದಾಗ ಕೇಳಬೇಕಾಗಿದ್ದ ಲೆಕ್ಕವನ್ನು ನಾವು ಗಣಿ ಮುಚ್ಚಿ ಎರಡು ದಶಕವಾಗುವ ಹೊತ್ತಿಗೆ ಕೇಳುತ್ತಿದ್ದೇವೆ. ಲಕ್ಯಾ ಅಣೆಕಟ್ಟಿನ ಹಿಂದೆ ಕುಳಿತಿರುವ ಕೆಸರನ್ನು ಪ್ರತಿ ಮಳೆಗಾಲದಲ್ಲೂ ಕಾಯಬೇಕು, ಈ ವರ್ಷವೂ, ನಮ್ಮ ಮೊಮ್ಮಕ್ಕಳ ಕಾಲದಲ್ಲೂ. ಅದಿರು ಮಾರಿದ್ದು 25 ವರ್ಷ. ಕಾಯುವುದಕ್ಕೆ ಗಡುವಿಲ್ಲ.

ಪ್ರಪಂಚದ ಜೊತೆ ವ್ಯಾಪಾರ ಬೇಡ ಎನ್ನುವುದು ಈ ಇತಿಹಾಸದ ಪಾಠವಲ್ಲ. ಮೆಣಸು, ಕಾಫಿ, ರೇಷ್ಮೆ ಮಾರಿ ಬಾಳಿದ ನಾಡು ಇದು. ಹೊರಗಿನ ಗಿರಾಕಿ ನಮಗೆ ಅಪರಿಚಿತನಲ್ಲ. ಕಾಫಿ ತೋಟ ಮುಂದಿನ ವರ್ಷವೂ ಹೂ ಬಿಡುತ್ತದೆ. ಅಗೆದ ಬೆಟ್ಟ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಅಗೆಯುವ ವ್ಯಾಪಾರಕ್ಕೆ ಬೇರೆಯದೇ ಕಟ್ಟುಪಾಡು ಬೇಕು. ಗಣಿ ಮುಚ್ಚಿದ ಮೇಲಿನ ಕಾವಲಿನ ಹಣ ಮೊದಲ ಸ್ಫೋಟಕ್ಕೆ ಮುಂಚೆಯೇ ಠೇವಣಿಯಾಗಬೇಕು. ನದಿಯ ಹೂಳನ್ನು ಗಣಿ ಕಂಪನಿಯಿಂದ ಸಂಬಳ ಪಡೆಯದವರು ಅಳೆಯಬೇಕು, ಆ ಅಂಕಿ ಊರಿನ ಪಂಚಾಯಿತಿ ಗೋಡೆಯ ಮೇಲೆ ಕಾಣಬೇಕು. ವಾರ್ಷಿಕ ಮಿತಿ ಚೀನಾದ ಬೇಡಿಕೆಯೊಂದಿಗೆ ಏರುವಂಥದಾಗಬಾರದು. ಗಣಿಯ ಗಳಿಕೆಯ ಒಂದು ಪಾಲು ಗಣಿ ಇಲ್ಲದ ಕಾಲದ ಬದುಕಿಗಾಗಿ ಅಲ್ಲಿಯ ಜನರ ಹೆಸರಿನಲ್ಲಿ ಕೂಡಬೇಕು.

1975ರಲ್ಲಿ ಇಂಥ ಷರತ್ತು ಹಾಕುವ ಕಾನೂನು ನಮ್ಮ ಕೈಯಲ್ಲಿರಲಿಲ್ಲ. ಡಾಲರ್ ಬೇಕಾಗಿತ್ತು, ಹೊತ್ತು ಬಿಕ್ಕಟ್ಟಿನದಾಗಿತ್ತು, ಭದ್ರೆಯ ಹೂಳನ್ನು ಯಾರೂ ಅಳೆದಿರಲಿಲ್ಲ. ಆ ಕಾಲದವರಿಗೆ ಅಷ್ಟರಮಟ್ಟಿಗೆ ವಿನಾಯಿತಿ ಕೊಡಬಹುದು. ಇಂದು ಕಾನೂನು ಇದೆ, ಅಳತೆ ಇದೆ, ಕುದುರೆಮುಖದ ಕಣ್ಣೆದುರಿನ ಸಾಕ್ಷ್ಯವಿದೆ. ದೇವದಾರಿಯಲ್ಲಿ ಹಾರೆ ಬೀಳುವುದಾದರೆ ಅದಕ್ಕೂ ಮೊದಲು ಕುದುರೆಮುಖದ ಲೆಕ್ಕ ಚುಕ್ತಾ ಆಗಲಿ. ಅದನ್ನು ತೀರಿಸದೆ ಇನ್ನೊಂದು ಬೆಟ್ಟವನ್ನು ಅಗೆಯಲು ಬಿಟ್ಟರೆ, ನಮಗೆ ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ನಮಗೆ ಉಳಿಯುವುದಿಲ್ಲ.